ಮೊದಲು ಓಟ ಯಾವುದೆಂದು ತೀರ್ಮಾನಿಸಿ, ಆಮೇಲೆ ಹಾಡು

ಹೊಸದಾಗಿ ಓಡಲು ಶುರುಮಾಡಿದವರು ಶೂ ವಿಚಾರ ಮುಗಿಸಿದ ಕೂಡಲೇ ಹಾಡಿನ ವಿಚಾರಕ್ಕೆ ಬರುತ್ತಾರೆ. “ಓಡುವಾಗ ನೀವು ಏನು ಕೇಳುತ್ತೀರಿ? ನಿಮ್ಮ ಪ್ಲೇಲಿಸ್ಟ್ ಸ್ವಲ್ಪ ಕಳುಹಿಸಿ” ಎನ್ನುತ್ತಾರೆ. ಕಳುಹಿಸಲು ನನಗೆ ಖುಷಿಯೇ. ಆದರೆ ಅದಕ್ಕೂ ಮೊದಲು, ನಾಳೆ ಓಡುವುದು ಯಾವ ಓಟ ಎಂದು ಕೇಳುತ್ತೇನೆ. ಮಾತಾಡಿಕೊಂಡು ಓಡಬಹುದಾದ ನಿಧಾನದ ಓಟವೇ, ಗಂಟೆಗಟ್ಟಲೆ ಸಾಗುವ ದೂರದ ಓಟವೇ, ಏದುಸಿರು ಬಿಡಿಸುವ ವೇಗದ ಓಟವೇ? ಹೆಚ್ಚಿನವರಿಗೆ ಈ ಪ್ರಶ್ನೆ ಅನಗತ್ಯವೆನಿಸುತ್ತದೆ. ಓಟಕ್ಕೆ ಹುರುಪು ಬೇಕು, ಹುರುಪಿಗೆ ಅಬ್ಬರದ ಹಾಡು ಬೇಕು, ಅಲ್ಲಿಗೆ ಲೆಕ್ಕ ಮುಗಿಯಿತು ಎಂಬ ನಂಬಿಕೆ ಬೇರೂರಿಬಿಟ್ಟಿದೆ. ನನ್ನ ತಕರಾರು ಇರುವುದು ಆ ನಂಬಿಕೆಯ ಮೇಲೆ.

ಹಾಡಿಗೆ ಕಾಲನ್ನು ಎಳೆದೊಯ್ಯುವ ಶಕ್ತಿ ಇಲ್ಲವೆಂದು ನಾನು ಹೇಳುತ್ತಿಲ್ಲ. ಆ ಶಕ್ತಿ ಇರುವುದರಿಂದಲೇ ಅದನ್ನು ನೋಡಿ ಬಳಸಬೇಕು ಎನ್ನುತ್ತಿದ್ದೇನೆ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆಯುತ್ತಿದ್ದ ಆರು ದಿನಗಳ ಸೈಕಲ್ ಪಂದ್ಯವನ್ನು ಗಮನಿಸಿದ ಲಿಯೊನಾರ್ಡ್ ಏರ್ಸ್ ಎಂಬವರು 1911ರಷ್ಟು ಹಿಂದೆಯೇ ಒಂದು ವಿಷಯ ದಾಖಲಿಸಿದ್ದಾರೆ. ಬ್ಯಾಂಡ್ ನುಡಿಯುತ್ತಿದ್ದಾಗ ಸವಾರರ ಸರಾಸರಿ ವೇಗ ಗಂಟೆಗೆ 19.6 ಮೈಲಿ, ಬ್ಯಾಂಡ್ ನಿಂತಾಗ 17.9 ಮೈಲಿ. ಬ್ಯಾಂಡ್ ಶುರುವಾಯಿತು, ಇನ್ನು ಜೋರಾಗಿ ತುಳಿಯೋಣ ಎಂದು ಆ ಸವಾರರೆಲ್ಲ ನಿರ್ಧರಿಸಿರಲಿಕ್ಕಿಲ್ಲ. ಕಾಲು ತಾನಾಗಿಯೇ ಜೋರಾಗಿರಬೇಕು. ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿ 1998ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಒಳಾಂಗಣ ಟ್ರ್ಯಾಕ್‌ನಲ್ಲಿ 2000 ಮೀಟರ್ ವಿಶ್ವದಾಖಲೆ ಮಾಡಿದಾಗ ಕ್ರೀಡಾಂಗಣದ ಧ್ವನಿವರ್ಧಕದಲ್ಲಿ ಅವರಿಗೆ ಇಷ್ಟವಾದ ವೇಗದ ಹಾಡೊಂದು ಮೊಳಗುತ್ತಿತ್ತು. ಅಂಥ ದಿಗ್ಗಜನ ಕಾಲಿಗೂ ತಾಳದ ಆಸರೆ ಒದಗುತ್ತದೆ ಎಂದಮೇಲೆ ನಮ್ಮಂಥವರ ಮಾತೇನು.

ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಕೋಸ್ಟಾಸ್ ಕರಗಿಯೋರ್ಗಿಸ್ ವ್ಯಾಯಾಮ ಮತ್ತು ಸಂಗೀತದ ನಂಟನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಅಂಥ ಪ್ರಯೋಗಗಳಿಂದ ಹೊರಟ ಮಾತು ಇಷ್ಟು: ಸಾಧಾರಣ ವೇಗದಲ್ಲಿ ದುಡಿಯುತ್ತಿರುವ ದೇಹಕ್ಕೆ ಹಾಡು ಜೊತೆಗಿದ್ದರೆ ಶ್ರಮ ಸುಮಾರು ನೂರಕ್ಕೆ ಹತ್ತರಷ್ಟು ಕಡಿಮೆಯಾದಂತೆ ಅನಿಸುತ್ತದೆ. ಶ್ರಮ ಕಡಿಮೆಯಾಗುವುದಿಲ್ಲ, ಕಡಿಮೆಯಾದಂತೆ ಅನಿಸುತ್ತದೆ. ಈ ವ್ಯತ್ಯಾಸವನ್ನು ದಯವಿಟ್ಟು ಗಮನಿಸಿ. ಸ್ನಾಯು ಎಷ್ಟು ದುಡಿಯಬೇಕೋ ಅಷ್ಟೂ ದುಡಿಯುತ್ತಿದೆ, ಮಂಡಿಯ ಮೇಲೆ ಬೀಳುವ ಹೊಡೆತ ಅಷ್ಟೇ ಇದೆ. ಅಲ್ಲಿಂದ ಬರುವ ದೂರಿಗೆ ಗಮನ ಕೊಡುವಷ್ಟು ಬಿಡುವು ಮಿದುಳಿಗೆ ಇಲ್ಲ, ಏಕೆಂದರೆ ಅದು ಹಾಡಿನಲ್ಲಿ ಮುಳುಗಿದೆ. ವೇಗ ಏರುತ್ತಾ ಹೋಗಿ ಮಾತೇ ಹೊರಡದಷ್ಟು ಉಸಿರು ಬಿಗಿಯಾಯಿತೆನ್ನಿ, ಆಗ ದೇಹದ ಕೂಗು ಹಾಡಿಗಿಂತ ಜೋರಾಗುತ್ತದೆ. ಎಂಥ ಹಾಡು ಹಾಕಿದರೂ ಶ್ರಮ ಮರೆಯಾಗುವುದಿಲ್ಲ.

ಇದರಿಂದ ಏನಾಗುತ್ತದೆ ನೋಡಿ. ಅತಿ ವೇಗದ ಓಟದಲ್ಲಿ ಹಾಡು ನಮ್ಮನ್ನು ಅಷ್ಟಾಗಿ ಮರೆಸುವುದಿಲ್ಲ. ಚೆನ್ನಾಗಿ ಮರೆಸುವುದು ನಿಧಾನದ ಓಟದಲ್ಲಿ. ನಾವು ಮರೆಯಬಾರದಾದದ್ದೂ ಅಲ್ಲಿಯೇ! ನಿಧಾನದ ಓಟದ ಉದ್ದೇಶವೇ ನಿಧಾನ. ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುವುದು, ಸ್ನಾಯುರಜ್ಜುಗಳು ಹೊಡೆತ ತಾಳಲು ಕಲಿಯುವುದು, ಹಿಂದಿನ ದಿನದ ದಣಿವು ಇಳಿಯುವುದು, ಇದಕ್ಕೆಲ್ಲ ಆ ನಿಧಾನ ಬೇಕು. ನಾರ್ವೆಯಲ್ಲಿ ಕೆಲಸ ಮಾಡುವ ಸ್ಟೀಫನ್ ಸೈಲರ್ ಉನ್ನತ ಮಟ್ಟದ ಕ್ರೀಡಾಪಟುಗಳ ತರಬೇತಿಯನ್ನು ಪರಿಶೀಲಿಸಿ, ಅದರಲ್ಲಿ ನೂರಕ್ಕೆ ಸುಮಾರು 80 ಪಾಲು ಹಗುರವಾದದ್ದೇ ಎಂದು ತೋರಿಸಿದ್ದಾರೆ. ನಮ್ಮಂಥ ಹವ್ಯಾಸಿಗಳು ಮಾತ್ರ ವಾರವಿಡೀ ಅದೇ ಅಬ್ಬರದ ಪಟ್ಟಿಯನ್ನು ಕಿವಿಗೆ ಹಾಕಿಕೊಂಡು, ಹಗುರವಾಗಿ ಓಡಬೇಕಾದ ದಿನವೂ ಅರೆವೇಗದಲ್ಲಿ ಓಡಿ, ನಿಜವಾಗಿ ವೇಗ ತೋರಬೇಕಾದ ದಿನ ಕಾಲೆಳೆಯುತ್ತೇವೆ. ಮೀನಖಂಡ ಬಿಗಿಯುತ್ತದೆ, ಕಣಕಾಲಿನ ಮುಂಭಾಗ ನೋಯುತ್ತದೆ, ಶೂ ಬದಲಾಯಿಸುತ್ತೇವೆ. ಪ್ಲೇಲಿಸ್ಟ್ ಬದಲಾಯಿಸುವವರು ಕಡಿಮೆ. ನೋವಿಗೆಲ್ಲ ಹಾಡೇ ಕಾರಣ ಎಂದು ಹೇಳುವುದಿಲ್ಲ, ಆದರೆ ಶೂ ಮೇಲೆ ಅನುಮಾನ ಪಡುವವರು ಹಾಡಿನ ಮೇಲೂ ಒಂದಿಷ್ಟು ಅನುಮಾನ ಪಡಲಿ.

ಹಾಗಾದರೆ ನಿಧಾನದ ಓಟಕ್ಕೆ ಎಂಥ ಹಾಡು? ಇದಕ್ಕೆ ಸ್ವಲ್ಪ ಲೆಕ್ಕ ಬೇಕು. ಮೈ ಬಿಸಿಯಾದ ಮೇಲೆ, ಕಿವಿಯಲ್ಲಿ ಏನೂ ಇಲ್ಲದೆ, ಬಲಗಾಲು ನೆಲ ಮುಟ್ಟುವುದನ್ನು ಮಾತ್ರ ಅರ್ಧ ನಿಮಿಷ ಎಣಿಸಿ. ಬಂದ ಸಂಖ್ಯೆಯನ್ನು ನಾಲ್ಕರಿಂದ ಗುಣಿಸಿದರೆ ನಿಮಿಷಕ್ಕೆ ನಿಮ್ಮ ಹೆಜ್ಜೆಗಳೆಷ್ಟೆಂದು ಸಿಗುತ್ತದೆ. ಉದಾಹರಣೆಗೆ 41 ಬಂದರೆ 164. ನಿಮಿಷಕ್ಕೆ 180 ಹೆಜ್ಜೆ ಇರಲೇಬೇಕು ಎಂಬ ಮಾತು ಓಟಗಾರರ ನಡುವೆ ಓಡಾಡುತ್ತಿರುತ್ತದೆ. ಅದರ ಮೂಲ ತರಬೇತುದಾರ ಜ್ಯಾಕ್ ಡೇನಿಯಲ್ಸ್ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮಾಡಿದ ಎಣಿಕೆ. ಅವರು ಎಣಿಸಿದ್ದು ಪಂದ್ಯದ ವೇಗದಲ್ಲಿದ್ದ ಒಲಿಂಪಿಕ್ ಓಟಗಾರರನ್ನು. ಆ ಸಂಖ್ಯೆಯನ್ನು ತಂದು ಹವ್ಯಾಸಿಯೊಬ್ಬರ ಹಗುರ ಓಟದ ಮೇಲೆ ಹೇರುವುದು ನ್ಯಾಯವಲ್ಲ. ನಿಮ್ಮದು 164 ಆದರೆ 164ರಿಂದಲೇ ಶುರುಮಾಡಿ.

ಈಗ ಹಾಡಿಗೆ ಬನ್ನಿ. ನಿಮಿಷಕ್ಕೆ 164 ಬೀಟ್ ಇರುವ ಹಾಡು ಹಾಕಿದರೆ ಎರಡೂ ಕಾಲಿಗೆ ಒಂದೊಂದು ಬೀಟ್ ಸಿಗುತ್ತದೆ, ನಿಜ. ಆದರೆ ಅಂಥ ಹಾಡು ಸಾಮಾನ್ಯವಾಗಿ ಬೆನ್ನಟ್ಟುವ ಸ್ವಭಾವದ್ದು. ಅದರ ಬದಲು 82 ಬೀಟಿನ ಹಾಡು ಹಾಕಿ ನೋಡಿ. ಬಲಗಾಲು ಬಿದ್ದಾಗಲೆಲ್ಲ ಬೀಟ್, ಎಡಗಾಲು ಬೀಟುಗಳ ನಡುವಿನ ಖಾಲಿ ಜಾಗದಲ್ಲಿ. ಹೆಜ್ಜೆ ತಾಳಕ್ಕೆ ಕೂಡುತ್ತದೆ, ಹಾಡು ಮಾತ್ರ ನೆಮ್ಮದಿಯಾಗಿ ಸಾಗುತ್ತಿರುತ್ತದೆ. ಕುಳಿತು ಕೇಳಿದರೆ ಇದು ಓಡುವ ಹಾಡೇ ಅಲ್ಲ ಎನ್ನಿಸುವ ಎಷ್ಟೋ ಹಾಡುಗಳು ಹೀಗೆ ಕಾಲಿಗೆ ಅಚ್ಚುಕಟ್ಟಾಗಿ ಹೊಂದುತ್ತವೆ. ಇದನ್ನು ಒಮ್ಮೆ ಮಾಡಿ ನೋಡಿದ ಮೇಲೆ ಹಾಡುಗಳನ್ನು ಕೇಳುವ ರೀತಿಯೇ ಬದಲಾಗುತ್ತದೆ. ಮನೆಗೆಲಸ ಮಾಡುತ್ತಾ ಕೇಳಿದ ಹಾಡಿಗೂ ಬೆರಳು ತಾಳ ಹಾಕಿ, ಇದು ಓಟಕ್ಕೆ ಆದೀತೇ ಎಂದು ಅಳೆಯುತ್ತದೆ.

ಬೀಟ್ ಒಂದೇ ಸಾಲದು. ಆರಂಭದಲ್ಲಿ ಉದ್ದನೆಯ ಆಲಾಪವಿರುವ ಹಾಡು, ನಡುವೆ ತಟ್ಟನೆ ಲಯ ಬದಲಿಸುವ ಹಾಡು ಎಷ್ಟೇ ಇಷ್ಟವಾದದ್ದಾದರೂ ಓಟಕ್ಕೆ ಬೇಡ. ಸಿಕ್ಕಿದ ಲಯ ಕೈತಪ್ಪಿದಾಗ ಹೆಜ್ಜೆ ತಡವರಿಸುತ್ತದೆ, ಅದರ ಹಿಂದೆಯೇ ಉಸಿರೂ ತಡವರಿಸುತ್ತದೆ. ಶಫಲ್ ಗುಂಡಿಯನ್ನು ಮರೆತುಬಿಡಿ ಎಂದೂ ಹೇಳುತ್ತೇನೆ. ಏರುದಾರಿಯ ಅರ್ಧದಲ್ಲಿ ಜೋಗುಳದಂಥ ಹಾಡು ಬಂದು, ಬೆವರಿದ ಬೆರಳು ಪರದೆಯ ಮೇಲೆ ಜಾರಿ, ಎರಡು ಸಲ ಒತ್ತಿದರೂ ಮುಂದಿನ ಹಾಡಿಗೆ ಹೋಗದೆ, ಕಣ್ಣು ದಾರಿಯ ಬದಲು ಮೊಬೈಲ್ ಮೇಲಿರುವ ಆ ಕ್ಷಣವೇ ಕಾಲು ಉಳುಕುವ ಕ್ಷಣ. ಹೊರಡುವ ಮೊದಲೇ ಹಾಡುಗಳನ್ನು ಸಾಲಾಗಿ ಜೋಡಿಸಿಕೊಳ್ಳಿ. ಹೊಸ ಹಾಡಿಗಿಂತ ಬಾಯಿಪಾಠವಾದ ಹಾಡು ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪಲ್ಲವಿ ಯಾವಾಗ ತಿರುಗಿ ಬರುತ್ತದೆಂದು ಕಾಲಿಗೂ ಗೊತ್ತಿರುತ್ತದೆ.

ಹಾಡು ಬಿಟ್ಟು ಮಾತು ಕೇಳುವವರ ಬಳಗ ದಿನೇದಿನೇ ದೊಡ್ಡದಾಗುತ್ತಿದೆ: ಪಾಡ್‌ಕಾಸ್ಟ್, ಆಡಿಯೊಬುಕ್, ಉಪನ್ಯಾಸ. ನಿಧಾನದ ಓಟಕ್ಕೆ ಇದಕ್ಕಿಂತ ಒಳ್ಳೆಯ ಜೊತೆ ಇಲ್ಲವೆಂದು ನಾನು ನಂಬಿದ್ದೇನೆ. ಕಾರಣ ಸರಳ, ಕತೆ ಕಾಲನ್ನು ಓಡಿಸುವುದಿಲ್ಲ. ಮೇಲಾಗಿ ಅದರಲ್ಲೊಂದು ಅಳತೆಗೋಲಿದೆ. ಹಗುರ ಓಟದಲ್ಲಿ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಸಾಧ್ಯವಾಗಬೇಕು ಎಂದು ತರಬೇತುದಾರರು ಹೇಳುತ್ತಾರೆ. ಒಬ್ಬರೇ ಓಡುವಾಗ ಯಾರೊಂದಿಗೆ ಮಾತಾಡುವುದು? ಅದರ ಬದಲು ಕೇಳುವುದನ್ನೇ ಪರೀಕ್ಷೆಯಾಗಿಸಿ. ಕತೆಯ ಎಳೆ ತಪ್ಪಿ, ಈಗ ಬಂದವನು ಯಾರು ಎಂದು ಹಿಂದಕ್ಕೆ ಸರಿಸಿ ಕೇಳಬೇಕಾಯಿತೆಂದರೆ ಒಂದೋ ಕತೆ ನೀರಸ, ಇಲ್ಲವೇ ನಿಮ್ಮ ವೇಗ ಹೆಚ್ಚಾಗಿದೆ. ನನ್ನ ಮಟ್ಟಿಗೆ ಬಹುಪಾಲು ಎರಡನೆಯದೇ.

ಮಾತಿನಲ್ಲೂ ಆಯ್ಕೆ ಬೇಕು. ಒಬ್ಬರೇ ಓದುವ ಸ್ಥಿರವಾದ ಧ್ವನಿ ಗಾಳಿಯ ಸದ್ದನ್ನೂ ದಾಟಿ ಕೇಳುತ್ತದೆ. ನಾಲ್ವರು ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುವ ಹರಟೆ ಓಟದಲ್ಲಿ ಗದ್ದಲವಾಗಿಯೇ ಉಳಿಯುತ್ತದೆ. ಸುದ್ದಿಯನ್ನಂತೂ ದಯವಿಟ್ಟು ಬೇಡ. ಓಡಿ ಹಗುರಾಗಬೇಕಾದ ಮನಸ್ಸು ಇನ್ನಷ್ಟು ಭಾರವಾಗಿ ಮನೆಗೆ ಬರುತ್ತದೆ. ಕುತೂಹಲ ಕೆರಳಿಸುವ ಕಾದಂಬರಿಯಾದರೆ ಇನ್ನೊಂದು ಲಾಭವುಂಟು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕೇಟಿ ಮಿಲ್ಕ್‌ಮನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ರೋಚಕ ಆಡಿಯೊಬುಕ್‌ಗಳನ್ನು ಜಿಮ್‌ನಲ್ಲಿ ಮಾತ್ರ ಕೇಳಲು ಅವಕಾಶವಿದ್ದ ಗುಂಪು ಮೊದಮೊದಲು ಉಳಿದವರಿಗಿಂತ ನೂರಕ್ಕೆ 51ರಷ್ಟು ಹೆಚ್ಚು ಸಲ ಜಿಮ್‌ಗೆ ಬಂತು. ವಾರಗಳು ಕಳೆದಂತೆ ಆ ಹುಮ್ಮಸ್ಸು ಇಳಿಯಿತು ಎಂಬುದನ್ನೂ ಅವರೇ ಬರೆದಿದ್ದಾರೆ. ಇಳಿದರೂ ಚಿಂತೆಯಿಲ್ಲ. ಹಾಸಿಗೆ ಬಿಟ್ಟೇಳಲು ಮನಸ್ಸಾಗದ ಮೊದಲ ವಾರಗಳನ್ನು ಒಂದು ಕತೆ ದಾಟಿಸಿದರೆ ಅದು ಸಣ್ಣ ಉಪಕಾರವಲ್ಲ.

ಹಾಗಾಗಿಯೇ ಹಾಡು, ಕತೆ ಕೇಳುತ್ತಾ ಓಡುವವರು ನಿಜವಾದ ಓಟಗಾರರಲ್ಲ ಎಂದು ಮೂಗುಮುರಿಯುವವರ ಮಾತು ನನಗೆ ನೋವು ತರುತ್ತದೆ. ಅವರು 1977ರ ಒಂದು ಅಧ್ಯಯನವನ್ನು ಮುಂದಿಡುತ್ತಾರೆ. ಉನ್ನತ ಮಟ್ಟದ ಮ್ಯಾರಥಾನ್ ಓಟಗಾರರು ಓಡುವಾಗ ತಮ್ಮ ಉಸಿರು, ಸ್ನಾಯುಗಳ ಕಡೆಗೇ ಗಮನವಿಡುತ್ತಾರೆ, ಸಾಮಾನ್ಯರು ಬೇರೆ ಯೋಚನೆಗಳಲ್ಲಿ ಮುಳುಗುತ್ತಾರೆ ಎಂದು ಮಾರ್ಗನ್ ಮತ್ತು ಪೊಲಾಕ್ ಅದರಲ್ಲಿ ಹೇಳಿದ್ದು ನಿಜ. ಆದರೆ ತೂಕ ಇಳಿಸಲೋ, ನಿದ್ದೆ ಬರಲೆಂದೋ, ಮನಸ್ಸಿನ ಭಾರ ಇಳಿಸಲೋ ಓಡಲು ಬಂದವರಿಗೆ ಮೊದಲ ತಿಂಗಳುಗಳಲ್ಲಿ ದೇಹ ಹೇಳುವುದು “ನಿಲ್ಲು” ಎಂಬ ಒಂದೇ ಮಾತನ್ನು. ಅದನ್ನು ಒಂದಿಷ್ಟು ಹೊತ್ತು ಕೇಳಿಸಿಕೊಳ್ಳದಿರಲು ಅವರಿಗೆ ಹಾಡು ಬೇಕು, ಇರಲಿ.

ಆದರೂ ವೇಗದ ಓಟದ ದಿನ, ಓಡುವಷ್ಟು ಹೊತ್ತು ಕಿವಿ ಖಾಲಿ ಬಿಡಿ ಎಂದೇ ನನ್ನ ಸಲಹೆ. ಹಾಡಿನ ಉಪಯೋಗ ಅಲ್ಲಿ ಮೊದಲೇ ಕಡಿಮೆ, ಕೇಳಬೇಕಾದದ್ದು ಮಾತ್ರ ಬಹಳ. ಎರಡು ಹೆಜ್ಜೆಗೆ ಒಳಗೆ, ಎರಡು ಹೆಜ್ಜೆಗೆ ಹೊರಗೆ ಎಂದು ಸಾಗುತ್ತಿದ್ದ ಉಸಿರು ಯಾವಾಗ ಒಂದಕ್ಕೆ ಇಳಿಯಿತು ಎಂಬುದು ಕೈಗಡಿಯಾರಕ್ಕಿಂತ ಮೊದಲು ಕಿವಿಗೆ ತಿಳಿಯುತ್ತದೆ. ಪಾದದ ಸದ್ದನ್ನೂ ಕೇಳಿ. ಮೊದಲ ಸುತ್ತುಗಳಲ್ಲಿ ಎರಡೂ ಪಾದ ಸಮನಾಗಿ ಬೀಳುತ್ತವೆ. ದಣಿವು ಏರಿದಂತೆ ಒಂದು ಪಾದ ನೆಲವನ್ನು ಬಡಿಯತೊಡಗುತ್ತದೆ, ಟಪ್ ಎನ್ನುವುದರ ಪಕ್ಕದಲ್ಲಿ ಒಂದು ಚಪ್ಪಟೆಯಾದ ಪಟಾರ್. ಸೊಂಟ ಕುಸಿಯುತ್ತಿದೆ, ಹೆಜ್ಜೆ ಉದ್ದವಾಗುತ್ತಿದೆ ಎಂಬುದಕ್ಕೆ ಅದೇ ಮೊದಲ ಸುಳಿವು. ಹೆಜ್ಜೆಯನ್ನು ಸ್ವಲ್ಪ ಗಿಡ್ಡ ಮಾಡಿದರೆ ಆ ಸದ್ದು ಬಹಳಷ್ಟು ತಗ್ಗುತ್ತದೆ. ಇಯರ್‌ಫೋನ್ ತುರುಕಿದ ಕಿವಿಗೆ ಇದ್ಯಾವುದೂ ಸಿಗುವುದಿಲ್ಲ.

ಸದ್ದಿನ ಪ್ರಮಾಣದ ಬಗ್ಗೆ ಕಟ್ಟುನಿಟ್ಟಾಗಿರೋಣ. 85 ಡೆಸಿಬೆಲ್ ಸದ್ದಿಗೆ ಎಂಟು ಗಂಟೆ ಮಿತಿ ಎಂದು ಇಟ್ಟುಕೊಂಡರೆ, ಪ್ರತಿ 3 ಡೆಸಿಬೆಲ್ ಏರಿಕೆಗೂ ಆ ಅವಧಿ ಅರ್ಧವಾಗುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, ಹೀಗೆ ಇಳಿದು 100 ಡೆಸಿಬೆಲ್‌ಗೆ ಕಾಲು ಗಂಟೆ. ರಸ್ತೆಯ ಗದ್ದಲವನ್ನು ಮೀರಿಸಲೆಂದು ಧ್ವನಿ ಏರಿಸುತ್ತಾ ಹೋಗುವವರು ಈ ಲೆಕ್ಕವನ್ನು ನೆನಪಿಡಬೇಕು, ಏಕೆಂದರೆ ಒಳಗಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ಹಾಳಾದರೆ ಮತ್ತೆ ಹುಟ್ಟುವುದಿಲ್ಲ. ಹೊರಗಿನ ಸದ್ದನ್ನು ಪೂರ್ತಿ ತಡೆಯುವ ಇಯರ್‌ಫೋನ್ ಟ್ರೆಡ್‌ಮಿಲ್ ಮೇಲೆ ವರ, ರಸ್ತೆಯಲ್ಲಿ ಅಪಾಯ. ಹಿಂದಿನಿಂದ ಬರುವ ವಾಹನ, ಸೈಕಲ್ಲಿನ ಗಂಟೆ, ನಾಯಿಯ ಗುರುಗುಟ್ಟುವಿಕೆ, ಹಿಂಬಾಲಿಸುವ ಹೆಜ್ಜೆ, ಇವು ಕಿವಿಗೆ ಬೀಳಲೇಬೇಕು. ಕಿವಿಯ ಮುಂದಿನ ಮೂಳೆಯ ಮೂಲಕ ಸದ್ದು ದಾಟಿಸುವ ಸಾಧನಗಳಲ್ಲಿ ಕಿವಿ ತೆರೆದೇ ಇರುತ್ತದೆ. ತಗ್ಗು ಸ್ವರಗಳು ಅಷ್ಟು ತುಂಬಿ ಕೇಳುವುದಿಲ್ಲ, ಅಷ್ಟು ಬಿಟ್ಟುಕೊಡಬಹುದು. ಅಮೆರಿಕದ ಅಥ್ಲೆಟಿಕ್ಸ್ ಸಂಸ್ಥೆ 2007ರಲ್ಲಿ ಓಟದ ಪಂದ್ಯಗಳಲ್ಲಿ ಹೆಡ್‌ಫೋನ್‌ಗಳನ್ನು ನಿಷೇಧಿಸಿ, ಮುಂದಿನ ವರ್ಷದ ಕೊನೆಗೆ ಅದನ್ನು ಸಡಿಲಿಸಿ ತೀರ್ಮಾನವನ್ನು ಆಯೋಜಕರಿಗೆ ಬಿಟ್ಟಿತು. ಆದ್ದರಿಂದ ಪಂದ್ಯಕ್ಕೆ ಹೆಸರು ಕೊಡುವಾಗ ನಿಯಮ ಓದಿಕೊಳ್ಳಿ. ಹಾಡಿಲ್ಲದೆ ಓಡಿ ರೂಢಿಯೇ ಇಲ್ಲದವರಿಗೆ ಆ ದಿನ ಗೆರೆಯ ಬಳಿ ನಿಂತಾಗ ವಿಷಯ ತಿಳಿದರೆ ಕಷ್ಟ.

ದೂರದ ಓಟಕ್ಕೆ ನಾನು ಅನುಸರಿಸುವ ಕ್ರಮ ಇದು. ಮೊದಲ ಅರ್ಧ ಗಂಟೆ ಏನೂ ಇಲ್ಲ; ವೇಗ ತಾನಾಗಿ ಕುದುರಬೇಕು. ಆಮೇಲೆ ಕತೆ. ಕತೆಯ ಮೇಲೆ ಮನಸ್ಸು ನಿಲ್ಲದಷ್ಟು ದಣಿವಾದಾಗ ನೆಮ್ಮದಿಯ ಲಯದ ಹಾಡುಗಳು. ವೇಗದ ಹಾಡುಗಳ ಸರದಿ ಕೊನೆಯ ಎರಡು ಮೂರು ಕಿಲೋಮೀಟರಿಗೆ ಮಾತ್ರ, ಅದೂ ಕಾಲು ಸರಿಯಾಗಿ ಬೀಳುತ್ತಿದ್ದರೆ. ಆ ಹಾಡುಗಳನ್ನು ಬೇರೆ ಹೊತ್ತಿನಲ್ಲಿ ಕೇಳದೆ ಮೀಸಲಿಡುತ್ತೇನೆ, ದಿನವೂ ಕೇಳಿ ಸವೆದ ಹಾಡಿಗೆ ಅಷ್ಟು ಹೊತ್ತಿನಲ್ಲಿ ಕಾಲೆತ್ತಿಸುವ ಕಸುವು ಇರುವುದಿಲ್ಲ. ನಿಮ್ಮದು ಬೇರೆ ಕ್ರಮವಾಗಿದ್ದರೆ, ಯಾವ ಓಟಕ್ಕೆ ಏನು ಕೇಳುತ್ತೀರಿ ಎಂದು ಕೆಳಗೆ ಬರೆಯಿರಿ. ಬರೀ ಹಾಡಿನ ಹೆಸರಲ್ಲ, ಓಟದ ಹೆಸರೂ ಜೊತೆಗಿರಲಿ.