ಬ್ಯಾಂಕಿನ ಕಥೆಯನ್ನು ಐಟಿಗೆ ಹೊಂದಿಸಬೇಡಿ

ಎಐ (ಕೃತಕ ಬುದ್ಧಿಮತ್ತೆ) ಬಂದು ಐಟಿ ಕೆಲಸಗಳು ಹೋಗುತ್ತವೆ ಅನ್ನುವ ಭಯದ ಬಗ್ಗೆ ನೀವು ‘ಬ್ಯಾಂಕಿಗೆ ಕಂಪ್ಯೂಟರ್ ಬಂದಾಗಲೂ ಹೀಗೇ ಹೆದರಿದ್ದರು, ಕೊನೆಗೆ ಯಾರ ಕೆಲಸವೂ ಹೋಗಲಿಲ್ಲ’ ಅಂತ ಬರೆದಿದ್ದೀರಿ. ಅದು ಸುಮ್ನೆ ಆದದ್ದಲ್ಲ ಸರ್. 1983ರಲ್ಲಿ, ಮತ್ತೆ 1987ರಲ್ಲಿ ನೌಕರರ ಸಂಘಗಳು ಆಡಳಿತದವರ ಜೊತೆ ಕೂತು ಒಪ್ಪಂದ ಮಾಡಿಕೊಂಡಿದ್ದವು. ಯಂತ್ರ ಎಲ್ಲಿ, ಎಷ್ಟು ಬರಬೇಕು ಅನ್ನುವುದೂ ಅದರಲ್ಲಿತ್ತು. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಅಂಥ ಮಾತುಕತೆ ಎಲ್ಲಿದೆ?

ಇನ್ನು, ಕೆಲಸ ಹೋಗುವುದು ಅಂದ್ರೆ ಇದ್ದವರನ್ನು ಕಳಿಸುವುದಷ್ಟೇ ಅಲ್ಲ, ಹೊಸಬರನ್ನು ಸೇರಿಸಿಕೊಳ್ಳದೇ ಇರುವುದೂ ಅದೇ ಅಲ್ವಾ? ಟೆಸ್ಟಿಂಗ್, ಸಣ್ಣಪುಟ್ಟ ಕೋಡ್, ಗ್ರಾಹಕರ ಇಮೇಲ್‌ಗೆ ಉತ್ತರ: ಫ್ರೆಷರ್‌ಗಳು ಕೆಲಸ ಕಲಿಯುತ್ತಿದ್ದದ್ದೇ ಇವುಗಳಲ್ಲಿ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಎಐ ಮೊದಲು ಕೈ ಹಾಕಿದ್ದೂ ಇವಕ್ಕೇ. ಎಐ ಬರೆದದ್ದರಲ್ಲಿ ತಪ್ಪು ಹಿಡಿಯುವ ಅನುಭವಿಗಳು ಇನ್ನು ಹತ್ತು ವರ್ಷಕ್ಕೆ ಎಲ್ಲಿಂದ ಬರಬೇಕು? ಅದಕ್ಕೆ ಮೊದಲು ಉತ್ತರ ಕೊಡಿ.