ಕುಂದಾಪುರಕ್ಕೆ ಹೋದ ಕಡಕ್ ರೊಟ್ಟಿ

ಕಡಕ್ ರೊಟ್ಟಿ ಕೆಡುವುದೇ ಇಲ್ಲ ಎಂದು ಕಲಬುರಗಿಯಲ್ಲಿ ಹುಟ್ಟಿದವರೆಲ್ಲ ನಂಬಿರುತ್ತಾರೆ. ನಂಬಿಕೆ ಸುಳ್ಳೇನಲ್ಲ. ಜೋಳದ ರೊಟ್ಟಿಯನ್ನು ತೆಳ್ಳಗೆ ತಟ್ಟಿ, ಸುಟ್ಟು, ಒಣಗಿಸಿ ಬುಟ್ಟಿಯಲ್ಲಿಟ್ಟರೆ ತಿಂಗಳಾದ ಮೇಲೂ ಮುರಿದಾಗ ಅದೇ ಚಟ್ ಸದ್ದು. ಆದರೆ ಈ ಗ್ಯಾರಂಟಿ ನಮ್ಮ ಗಾಳಿ ಇರುವಷ್ಟು ದೂರಕ್ಕೆ ಮಾತ್ರ. ಅಕ್ಕನನ್ನು ಕುಂದಾಪುರಕ್ಕೆ ಕೊಟ್ಟ ಮೇಲೆ ಅದು ನಮ್ಮ ಮನೆಯವರಿಗೆಲ್ಲ ಗೊತ್ತಾಯಿತು.

ಮದುವೆಯಾದ ಮೊದಲ ಮಳೆಗಾಲ. ಮಗಳು ಅಲ್ಲಿ ಬರೀ ಅನ್ನ ಉಂಡು ಸೊರಗಿದ್ದಾಳೆಂದು ಅಮ್ಮ ಒಂದು ದೊಡ್ಡ ಡಬ್ಬಿ ತುಂಬ ರೊಟ್ಟಿ, ಜೊತೆಗೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಕಳಿಸಿದರು. ತಲುಪುವವರೆಗೆ ಎಲ್ಲ ಚೆನ್ನಾಗಿತ್ತು. ಡಬ್ಬಿ ತೆರೆದು ಒಂದು ರಾತ್ರಿ ಕಳೆಯುವುದರೊಳಗೆ ರೊಟ್ಟಿಗಳು ಒಗೆದ ಕರ್ಚೀಫಿನ ಹಾಗೆ ನಾಲ್ಕು ಮಡಿಕೆ ಮಡಚಲು ಬರತೊಡಗಿದವು. ಹಿಂಡಿ ಉಂಡೆಯಾಯಿತು. ಅಕ್ಕನ ಅತ್ತೆ ಪಾಪ, ಬಹಳ ಮರ್ಯಾದೆಯಿಂದ, "ಇದನ್ನು ಹೀಗೇ ತಿನ್ನುವುದಾ, ಅಥವಾ ಬೇಯಿಸಬೇಕಾ?" ಎಂದು ಕೇಳಿದರಂತೆ. ಅಮ್ಮ ಫೋನಿನಲ್ಲೇ ತೀರ್ಪು ಕೊಟ್ಟರು: "ಅವರು ಮುಚ್ಚಳ ಸರಿ ಹಾಕಿಲ್ಲ, ಬಿಡು."

ಮುಚ್ಚಳದ ತಪ್ಪಲ್ಲ, ಸಹ್ಯಾದ್ರಿಯದು. ಅರಬ್ಬಿ ಸಮುದ್ರದಿಂದ ನೀರು ಹೊತ್ತು ಬರುವ ಗಾಳಿಗೆ ಕರಾವಳಿ ದಾಟಿದ ಕೂಡಲೇ ಬೆಟ್ಟ ಅಡ್ಡ ಬರುತ್ತದೆ. ಮೇಲೆ ಹತ್ತಬೇಕು. ಹತ್ತಿದಂತೆ ತಣ್ಣಗಾಗುತ್ತದೆ, ತಣ್ಣಗಾದರೆ ನೀರು ಹೊರಲಾಗುವುದಿಲ್ಲ. ಹೆಚ್ಚಿನದನ್ನೆಲ್ಲ ಅಲ್ಲೇ ಸುರಿಯುತ್ತದೆ. ಬೆಟ್ಟ ಇಳಿದು ಬಯಲಿಗೆ ಬರುವಾಗ ಅದೇ ಗಾಳಿ ಬಿಸಿಯೂ ಆಗಿರುತ್ತದೆ, ಒಣಗಿಯೂ ಇರುತ್ತದೆ. ಅಲ್ಲಿಂದ ನಮ್ಮೂರಿಗೆ ಇನ್ನೂ ನೂರಾರು ಕಿಲೋಮೀಟರ್. ಅದಕ್ಕೇ ಕುಂದಾಪುರದ ಕಡೆ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆಯಾದರೆ ನಮಗೆ 750ರ ಹತ್ತಿರ ಬಂದರೆ ದೊಡ್ಡದು. ಜುಲೈ ಒಂದೇ ತಿಂಗಳಲ್ಲಿ ಅವರಿಗೆ ಬೀಳುವ ಮಳೆ ನಮ್ಮ ಇಡೀ ವರ್ಷದ ಮಳೆಗಿಂತ ಜಾಸ್ತಿ. ಇದನ್ನೆಲ್ಲ ಅಮ್ಮನಿಗೆ ವಿವರಿಸಿದೆ. ಪೂರ್ತಿ ಕೇಳಿ, "ಆದರೂ ಮುಚ್ಚಳ ಹಾಕಬೇಕಿತ್ತು" ಅಂದರು.

ರೊಟ್ಟಿಯ ನಂತರ ಅಪ್ಪನ ಸರದಿ. ಬೇಸಿಗೆಯಲ್ಲಿ ಅಕ್ಕ ಫೋನ್ ಮಾಡಿ "ಸೆಕೆ, ಸೆಕೆ" ಎಂದು ಗೋಳಾಡಿದಳು. ಎಷ್ಟು ಡಿಗ್ರಿ ಎಂದು ಅಪ್ಪ ವಿಚಾರಿಸಿದರು. 34 ಅಂದಳು. ನಮ್ಮಲ್ಲಿ ಅವತ್ತು 42. ಅಪ್ಪನಿಗೆ ನಗು ಬಂತು, ಆದರೆ ಮಗಳಲ್ವಾ? ಆಳೆತ್ತರದ ಒಂದು ಕೂಲರ್ ಖರೀದಿಸಿ ಲಾರಿಗೆ ಹಾಕಿ ಕಳಿಸಿಯೇ ಬಿಟ್ಟರು. ಮೂರೂ ಕಡೆ ಹುಲ್ಲು, ಕೆಳಗೆ ನೀರಿನ ಟಾಕಿ, ಶುರು ಮಾಡಿದರೆ ಓಣಿಗೆಲ್ಲ ಕೇಳುವ ಸದ್ದು. ನಮ್ಮ ಓಣಿಯಲ್ಲಿ ಏಪ್ರಿಲ್ ಬಂತೆಂದರೆ ಈ ಸದ್ದಿಲ್ಲದೆ ಯಾರಿಗೂ ನಿದ್ದೆ ಬರುವುದಿಲ್ಲ.

ಕೂಲರ್ ತಂಪು ಮಾಡುವುದು ನೀರು ಆರುವುದರಿಂದ. ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಗಾಳಿಯ ತೇವಾಂಶ ಶೇಕಡಾ 20–25ಕ್ಕೆ ಇಳಿದಿರುತ್ತದೆ, ಎಷ್ಟು ನೀರು ಕೊಟ್ಟರೂ ಕುಡಿಯುತ್ತದೆ. ಕರಾವಳಿಯಲ್ಲಿ ಅದು 70ರ ಆಸುಪಾಸು. ಹೊಟ್ಟೆ ತುಂಬಿದ ಗಾಳಿಗೆ ಇನ್ನಷ್ಟು ಬಡಿಸಲು ಹೋದರೆ ಏನಾಗಬೇಕೋ ಅದೇ ಆಯಿತು. ಕಿಟಕಿ ಬಾಗಿಲು ಮುಚ್ಚಿ ರಾತ್ರಿಯಿಡೀ ಕೂಲರ್ ಹಾಕಿದ್ದಾರೆ. ಬೆಳಿಗ್ಗೆ ಗೋಡೆಯ ಕ್ಯಾಲೆಂಡರ್ ಬಾಗಿ ನಿಂತಿದೆ, ಹಾಸಿಗೆ ತೇವ, ಭಾವ ಅಂಗಳದಲ್ಲಿ ಮಲಗಿದ್ದಾರೆ. ಈಗ ಆ ಕೂಲರಿನಲ್ಲಿ ತೆಂಗಿನಕಾಯಿ ಇಡುತ್ತಾರೆ. ಮೂರೂ ಕಡೆ ಗಾಳಿಯಾಡುತ್ತದೆ, ಇಲಿಯ ಕಾಟವಿಲ್ಲ, ಒಳ್ಳೆ ಸಾಮಾನು ಎಂದು ಅತ್ತೆ ಹೊಗಳಿದರಂತೆ. ಅಪ್ಪನಿಗೆ ನಾವು ಹೊಗಳಿದ್ದನ್ನಷ್ಟೇ ಹೇಳಿದೆವು.

ಆ ಕಡೆಯಿಂದ ಬಂದ ಉಡುಗೊರೆಯ ಕಥೆಯೂ ಇದೆ. ಹಲಸಿನ ಮರದ ಮಂಚ. ಹೊಂಬಣ್ಣ, ಭಾರ, ನೋಡಿದವರೆಲ್ಲ ಕೈಯಾಡಿಸಿ ಹೋಗುವಂಥದ್ದು. ಚಳಿಗಾಲದಲ್ಲಿ ಬಂತು, ಸುಮ್ಮನಿತ್ತು. ಮಾರ್ಚ್‌ನಲ್ಲಿ ಶರಣಬಸವೇಶ್ವರರ ಜಾತ್ರೆ ಮುಗಿದು ಬಿಸಿಲು ಬಲಿತಂತೆ ರಾತ್ರಿ ಹೊತ್ತು 'ಟಪ್' ಎಂದು ಸದ್ದು ಶುರುವಾಯಿತು. ಅಪ್ಪ ಕಳ್ಳ ಬಂದನೆಂದು ಕೋಲು ಹಿಡಿದು ಮಾಳಿಗೆ ಹತ್ತಿದರು. ಕಳ್ಳ ಕೆಳಗೇ ಇದ್ದ. ಕರಾವಳಿಯ ತೇವ ಕುಡಿದು ಬೆಳೆದ ಮರ, ನಮ್ಮ ಗಾಳಿಗೆ ಒಣಗಿ ಒಣಗಿ ಸೀಳುತ್ತಿತ್ತು. ಮೇ ಹೊತ್ತಿಗೆ ಹಲಗೆಗಳ ನಡುವೆ ನನ್ನ ಮೊಬೈಲ್ ಸಲೀಸಾಗಿ ತೂರುವಷ್ಟು ಸಂದಿ. ತೂರಿತು ಕೂಡ. ಅಕ್ಕನ ಮನೆಯಲ್ಲಿ ಇದೇ ಮರದ ಬಾಗಿಲು ಜೂನ್‌ನಲ್ಲಿ ಉಬ್ಬಿ ಮುಚ್ಚಲು ಬರುವುದಿಲ್ಲ. ಬಚ್ಚಲಿನ ಬಾಗಿಲಿಗೆ ನೀರು ತುಂಬಿದ ಬಕೆಟ್ ಒತ್ತಿಟ್ಟು, ಒಳಗಿನಿಂದ ಹಾಡುತ್ತಾ ಸ್ನಾನ ಮಾಡಬೇಕು.

ಭಾವ ನಮ್ಮಲ್ಲಿಗೆ ಬಂದದ್ದೂ ಮೇ ತಿಂಗಳಲ್ಲೇ. ಸೂರ್ಯ ನಮ್ಮ ನೆತ್ತಿಯ ಮೇಲೆ ನೇರ ನಿಲ್ಲುವ ಮೇ 9ರ ಆಸುಪಾಸಿನಲ್ಲಿ ಬರಬೇಡಿ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಬಂದವರೇ, "ಇಲ್ಲಿ ಬೆವರೇ ಬರುವುದಿಲ್ಲ ಮಾರಾಯ, ನಮ್ಮೂರಿಗಿಂತ ಆರಾಮ" ಅಂದರು. ಬೆವರು ಬರುತ್ತಿತ್ತು, ಕಾಣುವ ಮೊದಲೇ ಆರುತ್ತಿತ್ತು ಅಷ್ಟೇ. ಬೆವರಿಲ್ಲ ಎಂದು ನೀರೂ ಕುಡಿಯಲಿಲ್ಲ. ಸಂಜೆ ಹೊತ್ತಿಗೆ ತುಟಿ ಒಡೆದು, ಮೂಗಿನಲ್ಲಿ ರಕ್ತ ಬಂತು. ಅಮ್ಮ ಝಳ ಬಡಿಯದಿರಲೆಂದು ಅವರ ಜೇಬಿಗೆ ಒಂದು ಉಳ್ಳಾಗಡ್ಡಿ ತುರುಕಿದರು. ಅದನ್ನಿಟ್ಟುಕೊಂಡೇ ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಒಂದು ಸರ್ಕಾರಿ ಕಚೇರಿಗೆ ಹೋದರು. ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬೀಗ, ಬಿಸಿಲು ಮತ್ತು ಉಳ್ಳಾಗಡ್ಡಿ ವಾಸನೆಯೊಂದಿಗೆ ವಾಪಸ್ ಬಂದರು.

ಆದರೆ ಒಂದು ವಿಷಯದಲ್ಲಿ ಅವರು ಕಲಬುರಗಿಗೆ ಪೂರ್ತಿ ಸೋತರು. ಒಗೆದ ಪಂಚೆಯನ್ನು ಮಾಳಿಗೆಯ ಹಗ್ಗಕ್ಕೆ ಹಾಕಿ, ಉಳಿದ ಬಟ್ಟೆ ಹಿಂಡಿ ಹರವುವಷ್ಟರಲ್ಲಿ ಮೊದಲಿನದು ಒಣಗಿತ್ತು. ಮಳೆಗಾಲದಲ್ಲಿ ಅಡುಗೆಮನೆಯ ಒಲೆಯ ಮೇಲೆ ಬನಿಯನ್ ತೂಗುಹಾಕಿ ಬೆಳೆದ ಮನುಷ್ಯ. ಕಣ್ಣಲ್ಲಿ ನೀರೇ ಬಂದಂತಿತ್ತು, ಬಂದಿದ್ದರೆ ಅದೂ ಆರುತ್ತಿತ್ತು. ಮರುದಿನ ತಮ್ಮ ಬ್ಯಾಗಿನಲ್ಲಿದ್ದ ಇಸ್ತ್ರಿ ಬಟ್ಟೆಯನ್ನೂ ತೆಗೆದು ಒಗೆದರು. ಆಮೇಲೆ ನಮ್ಮ ಪರದೆಗಳನ್ನು.

ಹೋಗುವ ಮೊದಲು ಬೀದರ್ ತೋರಿಸಿದೆವು. ಡಿಸೆಂಬರ್‌ನಲ್ಲಿ 10 ಡಿಗ್ರಿಗಿಂತ ಕೆಳಗಿಳಿಯುವ ಊರು, ಮೇನಲ್ಲೂ ನಮಗಿಂತ ಸ್ವಲ್ಪ ವಾಸಿ. ಕೋಟೆಯ ಗೋಡೆ ನೋಡಿದ್ದೇ ಭಾವ ಕೂಗಿದರು, "ಇದು ನಮ್ಮ ಕಲ್ಲು!" ನಿಜ. ಕರಾವಳಿಯ ಮನೆಗಳಿಗೆ ಕಡಿಯುವ ಅದೇ ತೂತು ತೂತಿನ ಕೆಂಪು ಜಂಬಿಟ್ಟಿಗೆ. ನಮ್ಮ ಕಲಬುರಗಿಯಲ್ಲಿ ಕಪ್ಪು ಎರೆ ಮಣ್ಣು, ಕಾಲಡಿಗೆ ಶಹಾಬಾದಿನ ಸುಣ್ಣದ ಕಲ್ಲಿನ ಫರಸಿ. ಬೀದರ್ ಏರಿದರೆ ಬಣ್ಣವೇ ಬೇರೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಕಲ್ಲಾಯಿತು. ಆಮೇಲೆ ಯಾವುದೋ ಕಾಲದಲ್ಲಿ ಅದರ ಮೇಲೆ ಜೋರು ಮಳೆ ಸುರಿದು ಸುರಿದು ಉಳಿದದ್ದನ್ನೆಲ್ಲ ತೊಳೆದು ಕಬ್ಬಿಣದ ಕೆಂಪನ್ನು ಬಿಟ್ಟು ಹೋಯಿತು. ಅಂದರೆ ಬೀದರ್‌ನಲ್ಲೂ ಹಿಂದೊಮ್ಮೆ ಭಾವನ ಊರಿನಂಥ ಮಳೆ. ಅವರು ಇದನ್ನು ಸ್ವಂತ ಗೆಲುವೆಂದು ತಿಳಿದು, ದಾರಿಯುದ್ದಕ್ಕೂ ಎದೆ ಉಬ್ಬಿಸಿ ನಡೆದರು.

ಇಷ್ಟೆಲ್ಲ ಆದಮೇಲೆ ಅಮ್ಮ ಈಗ ತೊಗರಿ ಬೇಳೆ ಬಿಟ್ಟು ಬೇರೇನೂ ಕಳಿಸುವುದಿಲ್ಲ. 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಕಲಬುರಗಿಯದೇ ಎಂಬ ಸರ್ಕಾರಿ ಗುರುತು ಪಡೆದ ಬೇಳೆ, ಅದಕ್ಕೆ ಯಾರೂ ಹೆಸರಿಡುವಂತಿಲ್ಲ ಎಂಬ ಧೈರ್ಯ. ಹೆಸರಿಡಲಿಲ್ಲ, ಹೊಗಳಿದರು, ಅದೇ ಕಷ್ಟಕ್ಕೆ ಬಂತು. "ಅಮ್ಮಾ, ನಮ್ಮ ಬೇಳೆ ಇಲ್ಲಿ ಬೇಗ ಬೆಂದು ಬೆಣ್ಣೆಯಾಗುತ್ತೆ" ಎಂದಳು ಅಕ್ಕ. ನಮ್ಮ ಬೋರಿನ ಗಡಸು ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ, ಬೇಳೆ ಸುಲಭಕ್ಕೆ ಕರಗುವುದಿಲ್ಲ. ಅವರದು ಮೆದು ನೀರಿನ ಬಾವಿ. ಅಮ್ಮನಿಗೆ ಅವಮಾನವಾಯಿತು. "ತವರು ಮನಿ ಬ್ಯಾಳಿ, ಅತ್ತಿ ಮನಿ ನೀರಿಗೆ ಹೆಂಗ ಮೆತ್ತಗಾತು ನೋಡು!" ಎಂದು ಒಂದು ವಾರ ಗೊಣಗಿದರು. ಆಮೇಲೆ ಭಾವನಿಗೆ ಫೋನ್ ಮಾಡಿ, ಬರುವಾಗ ಒಂದು ಕ್ಯಾನ್ ಬಾವಿ ನೀರು ತರಲು ಹೇಳಿದರು. ಭಾವ ತಂದರು. ಕ್ಯಾನನ್ನು ಸೀಟಿನ ಕೆಳಗೆ ತಳ್ಳುವುದನ್ನು ನೋಡಿ ಕಂಡಕ್ಟರ್ ಏನಿದು ಎಂದು ಕೇಳಿದನಂತೆ. ಕುಡಿಯುವ ನೀರು, ಕಲಬುರಗಿಗೆ, ಹೆಂಡತಿಯ ತವರಿಗೆ ಎಂದಿದ್ದಾರೆ ಇವರು. ಆತ ಲಗೇಜ್ ಚಾರ್ಜು ಕೇಳಲಿಲ್ಲ. "ಪಾಪ, ಅಷ್ಟೊಂದು ಬರಗಾಲವಾ?" ಎಂದು ತನ್ನ ನೀರಿನ ಬಾಟಲಿಯನ್ನೂ ಕೊಟ್ಟು ಕಳಿಸಿದ್ದಾನೆ.