ಮಳೆ ನೋಡಲು ಬಂದವರ ಕಸ

ನಿನ್ನೆ ಅಡಿಕೆ ತೋಟದ ಬಸಿಗಾಲುವೆ ಬಿಡಿಸಲು ಇಳಿದರೆ ಕಾಲಿಗೆ ಸಿಕ್ಕಿದ್ದು ಇಂಬಳ ಅಲ್ಲ, ಒಡೆದ ಬಿಯರ್ ಬಾಟಲಿ. ಹಿಂದೆಯೇ ನೀರು ಕುಡಿದು ಉಬ್ಬಿದ ಡೈಪರ್. ಮೇಲಿನ ಗುಡ್ಡದ ಹೋಂಸ್ಟೇಯಿಂದ ಹಳ್ಳದಲ್ಲಿ ತೇಲಿ ಬಂದ ಪ್ರಸಾದ!

ಅದರ ಬೋರ್ಡಿನಲ್ಲಿ 'ಪ್ರಕೃತಿಯ ಮಡಿಲಲ್ಲಿ' ಅಂತ ಬರೆದಿದೆ. ಆ ಮಡಿಲಿಗೇ ಜೆಸಿಬಿ ಹಾಕಿ ಗುಡ್ಡ ಕಡಿದರು, ಈಜುಕೊಳ ತೋಡಿದರು. ಈಗ 'ರೈನ್ ಡ್ಯಾನ್ಸ್' ಬೇರೆ. ಸ್ವಾಮಿ, ಇದು ಆಗುಂಬೆ ಸೀಮೆ. ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಸುಮ್ನೆ, ಪುಕ್ಕಟೆ ಸುರಿಯುತ್ತೆ. ಇಲ್ಲಿಗೆ ಬಂದು ಪೈಪಿಗೆ ತೂತು ಕೊರೆದು, ಪಂಪ್ ಹಚ್ಚಿ, ಅದರಡಿ ಕುಣಿಯಬೇಕಾ?

ಶಾಂತಿ ಹುಡುಕಿಕೊಂಡು ಬರ್ತಾರಂತೆ. ಹಾಗಾದ್ರೆ ಆಳೆತ್ತರದ ಸ್ಪೀಕರ್ ಯಾಕೆ? ಮಧ್ಯರಾತ್ರಿವರೆಗೂ ಡಿಜೆ. ಕೊಟ್ಟಿಗೆಯಲ್ಲಿ ದನ ಮಲಗಲ್ಲ, ಮನೆಯಲ್ಲಿ ಅಮ್ಮ ಮಲಗಲ್ಲ.

ಘಾಟಿಯ ಕಥೆ ಕೇಳಲೇಬೇಡಿ. ತಿರುವಿನಲ್ಲೇ ಕಾರು ನಿಲ್ಲಿಸಿ ಸಿಂಗಳೀಕಕ್ಕೆ ಚಿಪ್ಸ್ ಎಸೆಯೋದು, ಸೆಲ್ಫಿ ತೆಗೆಯೋದು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಲ್ಲೂ ಇಲ್ಲದ ಪ್ರಾಣಿ ಅದು. ಈಗ ಪೊಟ್ಟಣದ ಸದ್ದು ಕೇಳಿದರೆ ಸಾಕು, ಮರ ಬಿಟ್ಟು ರಸ್ತೆಗೆ ಇಳಿಯುತ್ತೆ. 2012ರಲ್ಲಿ ಯುನೆಸ್ಕೋ ಈ ಘಟ್ಟಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಆ ಪರಂಪರೆಯ ಮೇಲೆ ಈಗ ಬಿರಿಯಾನಿ ತಟ್ಟೆ ಬಿದ್ದಿರುತ್ತೆ.

ಹೋಂಸ್ಟೇಯವರನ್ನು ಕೇಳಿದರೆ, "ಊರು ಉದ್ಧಾರ ಆಗೋದು ಬೇಡ್ವಾ ಮಾರಾಯ್ರೆ?" ಅಂತಾರೆ. ಬೇಸಿಗೆಯಲ್ಲಿ ನಮ್ಮ ಬಾವಿ ತಳ ಕಂಡಾಗಲೂ ಅವರ ಈಜುಕೊಳ ತುಂಬಿರುತ್ತಲ್ಲ, ಅದು ಯಾವ ಊರಿನ ಉದ್ಧಾರ?